ಆಟಕ್ಕುಂಟು, ಲೆಕ್ಕಕ್ಕೂ ಬೇಕಾ?

1912ರ ಮೇ 18, ಶನಿವಾರ. ಫಿಲಡೆಲ್ಫಿಯಾದ ಬೇಸ್‌ಬಾಲ್ ಮೈದಾನ ಶೈಬ್ ಪಾರ್ಕ್. ಊರಿನ ತಂಡ ಅಥ್ಲೆಟಿಕ್ಸ್ 24, ಡೆಟ್ರಾಯಿಟ್ ಟೈಗರ್ಸ್ 2. ಈ 24 ಅನ್ನು ಕ್ರಿಕೆಟ್ ಕಣ್ಣಲ್ಲಿ ನೋಡಬೇಡಿ. ಬೇಸ್‌ಬಾಲ್‌ನಲ್ಲಿ ಇಡೀ ಆಟಕ್ಕೆ ನಾಲ್ಕೈದು ರನ್ ಬಂದರೆ ಖುಷಿಪಡುತ್ತಾರೆ. ಇನ್ನೊಂದು ವಿಷಯ: ಅವತ್ತು ಟೈಗರ್ಸ್ ಉಡುಪು ತೊಟ್ಟವರಲ್ಲಿ ಹೆಚ್ಚಿನವರು ಆ ತಂಡದವರೇ ಅಲ್ಲ. ಇಂಥ ಆಟ ದಾಖಲೆ ಪುಸ್ತಕದಲ್ಲಿ ಇರಬೇಕಾ?

ಪರ: ಇರಲೇಬೇಕು

ಮೂರು ದಿನ ಮುಂಚೆ ನ್ಯೂಯಾರ್ಕ್‌ನಲ್ಲಿ ಒಬ್ಬ ಪ್ರೇಕ್ಷಕ ಟೈಗರ್ಸ್‌ನ ತಾರಾ ಆಟಗಾರ ಟೈ ಕಾಬ್‌ನನ್ನು ಒಂದೇ ಸಮನೆ ಬೈಯುತ್ತಿದ್ದ. ಕಾಬ್ ಗ್ಯಾಲರಿಗೇ ನುಗ್ಗಿ ಅವನನ್ನು ಬಡಿದ. ಆ ಮನುಷ್ಯನಿಗೆ ಒಂದು ಕೈ ಇರಲಿಲ್ಲ, ಇನ್ನೊಂದರಲ್ಲಿ ಮೂರು ಬೆರಳಿಲ್ಲ. ಈ ತಂಡಗಳು ಆಡುತ್ತಿದ್ದ ಅಮೆರಿಕನ್ ಲೀಗ್‌ನ ಅಧ್ಯಕ್ಷ ಬ್ಯಾನ್ ಜಾನ್ಸನ್ ಕಾಬ್‌ನನ್ನು ಅಮಾನತು ಮಾಡಿದ. ಕಾಬ್‌ನನ್ನು ಕಂಡರೆ ಆಗದವರು ತಂಡದಲ್ಲೇ ಇದ್ದರು. ಆದರೂ ಅವನಿಲ್ಲದೆ ನಾವೂ ಆಡುವುದಿಲ್ಲ ಎಂದು ಎಲ್ಲರೂ ಮೈದಾನ ಬಿಟ್ಟು ನಡೆದರು.

ತಂಡ ಇಳಿಸದಿದ್ದರೆ ಮಾಲೀಕ ಫ್ರ್ಯಾಂಕ್ ನ್ಯಾವಿನ್‌ಗೆ 5,000 ಡಾಲರ್ ದಂಡ. ಮ್ಯಾನೇಜರ್ ಹ್ಯೂಯಿ ಜೆನಿಂಗ್ಸ್ ಊರಿನ ಹುಡುಗರನ್ನು ಹುಡುಕಿ ತಂದ. ಸಾಲದ್ದಕ್ಕೆ ತನ್ನ ಇಬ್ಬರು ಕೋಚ್‌ಗಳನ್ನೂ ಇಳಿಸಿದ. ಅವರಲ್ಲಿ ಡೀಕನ್ ಮೆಗ್ವೈರ್‌ಗೆ ಆಗ 48 ವರ್ಷ! ಪಿಚ್ ಮಾಡಲು, ಅಂದರೆ ಬ್ಯಾಟರ್‌ಗೆ ಚೆಂಡು ಎಸೆಯಲು, ಸಿಕ್ಕವನು ಸೇಂಟ್ ಜೋಸೆಫ್ಸ್ ಕಾಲೇಜಿನ ಅಲನ್ ಟ್ರಾವರ್ಸ್, 20ರ ಹುಡುಗ. ಕಾಲೇಜು ತಂಡಕ್ಕೂ ಅವನು ಪಿಚ್ ಮಾಡಿದವನಲ್ಲ. ಎದುರಿಗಿದ್ದದ್ದು 1910 ಮತ್ತು 1911ರ ಚಾಂಪಿಯನ್ನರು. 26 ಹಿಟ್ (ಬ್ಯಾಟರ್ ಔಟಾಗದೆ ಬೇಸ್ ತಲುಪುವಂಥ ಹೊಡೆತ) ಹೊಡೆಸಿಕೊಂಡರೂ ಅವನು ಎಂಟು ಇನಿಂಗ್ಸ್ ಒಬ್ಬನೇ ಎಸೆದ. ಅಥ್ಲೆಟಿಕ್ಸ್ ಮೂವರು ಪಿಚರ್‌ಗಳನ್ನು ಬಳಸಿತು, ನೆನಪಿರಲಿ.

ಇದನ್ನು ಅಳಿಸಿದರೆ ಯಾರಿಗೆ ಲಾಭ? ಮಾಲೀಕರಿಗೆ. ಆಟಗಾರರು ಒಗ್ಗಟ್ಟಾಗಿ ಎದ್ದು ಹೋದರೆ ಲೀಗ್ ಗತಿ ಏನಾಗುತ್ತದೆ ಎಂಬುದಕ್ಕೆ ಆ 24–2 ಸಾಕ್ಷಿ. ಅದೇ ವರ್ಷ ಆಟಗಾರರು ತಮ್ಮದೇ ಸಂಘ ಕಟ್ಟಿಕೊಂಡದ್ದು ಸುಮ್ನೆ ಅಲ್ಲ. ಮುಷ್ಕರ ಹೂಡಿದ ಒಬ್ಬೊಬ್ಬರಿಗೂ 100 ಡಾಲರ್ ದಂಡ ಬಿತ್ತು, ಹೊಡೆದಾಡಿದ ಕಾಬ್‌ಗೆ 50! ಇಂಥ ನ್ಯಾಯವೂ ದಾಖಲೆಯಲ್ಲಿ ಇರಲಿ, ಅಲ್ವಾ?

ವಿರೋಧ: ಕಥೆ ಇರಲಿ, ಲೆಕ್ಕ ಬೇಡ

ಮುಷ್ಕರದ ನೆನಪು ಉಳಿಯಬೇಕು, ಒಪ್ಪಿದೆ. ಅದಕ್ಕೆ ಇತಿಹಾಸದ ಪುಸ್ತಕವಿದೆ. ಅಂಕಿಅಂಶದ ಪಟ್ಟಿಯ ಕೆಲಸವೇ ಬೇರೆ. ಅಲ್ಲಿ ಒಬ್ಬ ವೃತ್ತಿಪರ ಇನ್ನೊಬ್ಬ ವೃತ್ತಿಪರನ ಎದುರು ಮಾಡಿದ್ದು ಮಾತ್ರ ಸೇರಬೇಕು. ಅವತ್ತು ಅಥ್ಲೆಟಿಕ್ಸ್‌ನ ಎಡ್ಡಿ ಕಾಲಿನ್ಸ್ ಐದು ಹಿಟ್ ಹೊಡೆದ. ದೊಡ್ಡ ಆಟಗಾರ, ಅನುಮಾನವಿಲ್ಲ. ಆದರೆ ಆ ಐದು ಹಿಟ್ ಬಂದದ್ದು ಯಾರ ಎಸೆತಕ್ಕೆ? ದಂಡ ತಪ್ಪಿಸಿಕೊಳ್ಳಲು ಡಾಲರ್ ಕೊಟ್ಟು ಕರೆತಂದ ಹುಡುಗನ ಎಸೆತಕ್ಕೆ. ಇದು ಆಟವಲ್ಲ, ಮಾಲೀಕನ ಜೇಬು ಉಳಿಸುವ ನಾಟಕ. ದುಡ್ಡು ಕೊಟ್ಟು ಒಳಗೆ ಬಂದ ಸಾವಿರಾರು ಜನರಿಗೂ ಇದು ಮೋಸವೇ.

ಟ್ರಾವರ್ಸ್‌ಗೂ ಅನ್ಯಾಯ. ಅಮೆರಿಕನ್ ಲೀಗ್‌ನಲ್ಲಿ ಒಂದೇ ಆಟದಲ್ಲಿ ಅತಿ ಜಾಸ್ತಿ ರನ್ ಕೊಟ್ಟ ಪಿಚರ್ ಎಂಬ ಹಣೆಪಟ್ಟಿ ಅವನಿಗೇ ಅಂಟಿತು. ಮುಂದೆ ಕ್ಯಾಥೊಲಿಕ್ ಪಾದ್ರಿಯಾದ ಅವನು ಮತ್ತೆ ಆ ಮಟ್ಟದಲ್ಲಿ ಚೆಂಡು ಮುಟ್ಟಲೇ ಇಲ್ಲ. ಒಂದು ಮಧ್ಯಾಹ್ನ ಉಪಕಾರಕ್ಕೆ ನಿಂತವನ ಮೇಲೆ ನೂರು ವರ್ಷದ ಕೆಟ್ಟ ದಾಖಲೆ ಹೇರುವುದು ಯಾವ ಲೆಕ್ಕ?

ಇನ್ನೂ ತಮಾಷೆ ಬೇಕಾ? ಆ ಹುಡುಗರಲ್ಲಿ ಎಡ್ ಇರ್ವಿನ್ ಎಂಬವನು ಮೂರು ಸರದಿ ಬ್ಯಾಟ್ ಮಾಡಿ ಎರಡು ಹಿಟ್ ಹೊಡೆದ. ಎರಡೂ ಸಲ ಮೂರನೇ ಬೇಸ್‌ವರೆಗೆ ಓಡಿದ. ಅಲ್ಲಿಗೆ ಅವನ ವೃತ್ತಿಜೀವನ ಮುಗಿಯಿತು. ಬೇಸ್‌ಬಾಲ್‌ನಲ್ಲಿ ಬ್ಯಾಟಿಂಗ್ ಸರಾಸರಿ ಅಂದರೆ ಹಿಟ್‌ಗಳನ್ನು ಬ್ಯಾಟ್ ಮಾಡಿದ ಸರದಿಗಳಿಂದ ಭಾಗಿಸಿದ್ದು. ಕಾಬ್ 24 ವರ್ಷ ಆಡಿ ಗಳಿಸಿದ ಸರಾಸರಿ ಸುಮಾರು 0.366. ಇರ್ವಿನ್‌ದು 0.667.