ಗೆದ್ದಿದ್ದೀರಿ, ಇನ್ನು ಹೊರಡಿ

ಕಪ್ ಗೆದ್ದ ತಂಡವನ್ನು ಒಂದೇ ವಾರದಲ್ಲಿ ಮನೆಗೆ ಕಳಿಸೋದು ಸುಮ್ನೆ ಮಾತಲ್ಲ. ಕೆನಡಾದವರು ಮಾಡಿ ತೋರಿಸಿದ್ದಾರೆ.

2019ರ ಮಾರ್ಚ್ 24ರಂದು ಟೊರಾಂಟೊದಲ್ಲಿ ಕ್ಯಾಲ್ಗರಿ ಇನ್ಫರ್ನೊ ಅನ್ನೋ ಮಹಿಳಾ ಐಸ್ ಹಾಕಿ ತಂಡ ಮಾಂಟ್ರಿಯಲ್ ತಂಡವನ್ನು 5-2ರಿಂದ ಸೋಲಿಸಿ ಕ್ಲಾರ್ಕ್‌ಸನ್ ಕಪ್ ಎತ್ತಿತು. ಮಾರ್ಚ್ 31ರ ಭಾನುವಾರ ಬೆಳಿಗ್ಗೆ ಆಟಗಾರ್ತಿಯರಿಗೆ ಫೋನಿನಲ್ಲಿ ಸುದ್ದಿ ಬಂತು: ಕೆನಡಾದ ಮಹಿಳಾ ಹಾಕಿ ಲೀಗ್, ಅಂದರೆ ಸಿಡಬ್ಲ್ಯೂಎಚ್ಎಲ್, ಮೇ 1ರಿಂದ ಬಂದ್. ಇನ್ನೊಂದು ದಿನ ತಡೆದಿದ್ದರೆ ಏಪ್ರಿಲ್ ಫೂಲ್ ಅಂತಾದರೂ ನಗಬಹುದಿತ್ತು. ಪಾಪ, ಅಷ್ಟು ಪುರುಸೊತ್ತಿರಲಿಲ್ಲ.

ಕೊಟ್ಟ ಕಾರಣ ಇನ್ನೂ ಚೆಂದ. ಆಟ ಅಮೋಘವಾಗಿದೆ, ವ್ಯವಹಾರ ಮಾತ್ರ ಗಿಟ್ಟುತ್ತಿಲ್ಲ ಅಂದರು. ಹಿಂದಿನ ವಾರವಷ್ಟೇ ಆ ಫೈನಲ್ಲನ್ನು ಟಿವಿಯಲ್ಲಿ ಸುಮಾರು 1.75 ಲಕ್ಷ ಜನ ನೋಡಿದ್ದರು. ನೋಡೋರು ಜಾಸ್ತಿ ಆದರು ಅಂತ ಅಂಗಡಿ ಮುಚ್ಚಿದ ಹಾಗಾಯ್ತು.

ಸರಿ, ಈ ಗಿಟ್ಟದ ವ್ಯವಹಾರದ ಖರ್ಚಾದರೂ ಎಷ್ಟು? ಲೀಗ್ ಶುರುವಾಗಿದ್ದು 2007ರಲ್ಲಿ. ಮೊದಲ ಹತ್ತು ವರ್ಷ ಸಂಬಳವೇ ಇಲ್ಲ. ಹಗಲು ಬೇರೆ ಕೆಲಸ, ಸಂಜೆ ಪ್ರಾಕ್ಟೀಸ್, ವಾರಾಂತ್ಯಕ್ಕೆ ಮ್ಯಾಚ್. 2017ರಲ್ಲಿ ಮನಸ್ಸು ಕರಗಿ, ಒಬ್ಬೊಬ್ಬರಿಗೆ ಒಂದು ಸೀಸನ್‌ಗೆ 2,000ದಿಂದ 10,000 ಡಾಲರ್ ಕೊಡಲು ಶುರುಮಾಡಿದರು. ಐಸ್ ಹಾಕಿಯ ಒಳ್ಳೆ ಸ್ಟಿಕ್ ಒಂದಕ್ಕೇ 300 ಡಾಲರ್ ಆಸುಪಾಸು ಬೀಳುತ್ತೆ. ಜೋರಾಗಿ ಒಂದು ಸ್ಲ್ಯಾಪ್‌ಶಾಟ್ ಹೊಡೆದರೆ ಅದು ಲಟಕ್ಕನೆ ಮುರಿಯೋದೂ ಉಂಟು. 2,000 ಡಾಲರಿನವಳು ಆರು ಸ್ಟಿಕ್ ಮುರಿದುಕೊಂಡರೆ ಆ ವರ್ಷದ ಸಂಬಳ ಹೆಚ್ಚೂಕಮ್ಮಿ ಚುಕ್ತಾ. ಹೀಗಾಗಿ ಹುಷಾರಾಗಿ, ಮೆಲ್ಲಗೆ ಹೊಡೆಯಬೇಕು. ಆಮೇಲೆ ಯಾರಾದರೂ ಬಂದು, ಹೆಂಗಸರ ಆಟದಲ್ಲಿ ಜೋರಿಲ್ಲ ಅಂತಾರೆ, ಅಲ್ವಾ?

ಇಡೀ ತಂಡದ ಸಂಬಳದ ಮಿತಿ 1 ಲಕ್ಷ ಕೆನಡಾ ಡಾಲರ್. ಅದೇ 2018-19ರಲ್ಲಿ ಗಂಡಸರ ದೊಡ್ಡ ಐಸ್ ಹಾಕಿ ಲೀಗ್ ಎನ್ಎಚ್ಎಲ್‌ನಲ್ಲಿ ಒಂದು ತಂಡದ ಮಿತಿ 7 ಕೋಟಿ 95 ಲಕ್ಷ ಅಮೆರಿಕನ್ ಡಾಲರ್. ಅಲ್ಲಿ ಬೆಂಚ್ ಬಿಸಿ ಮಾಡೋ ಹೊಸ ಹುಡುಗನಿಗೂ ಕಡಿಮೆ ಅಂದರೆ ಆರೂವರೆ ಲಕ್ಷ. ಇಲ್ಲಿ ಒಲಿಂಪಿಕ್ ಚಿನ್ನ ಗೆದ್ದು ಬಂದ, ಆ ಫೈನಲ್ಸ್‌ನ ಶ್ರೇಷ್ಠ ಆಟಗಾರ್ತಿಯಾದ ಬ್ರಿಯಾನಾ ಡೆಕರ್ ಇದ್ದ ತಂಡವೇ ಖರ್ಚಿನ ಬಾಬ್ತು.

ಗಂಡಸರ ಲೀಗ್ ಮಾತ್ರ ಶಿಸ್ತಿನ ವ್ಯವಹಾರ ಅಂದುಕೊಳ್ಳಬೇಡಿ. 2004-05ರಲ್ಲಿ ಮಾಲೀಕರೂ ಆಟಗಾರರೂ ದುಡ್ಡಿಗಾಗಿ ಕಿತ್ತಾಡಿ ಇಡೀ ಸೀಸನ್ನೇ ರದ್ದಾಯಿತು. ಒಂದೇ ಒಂದು ಮ್ಯಾಚ್ ಇಲ್ಲ. ಆಗ ಯಾರೂ ಗಂಡಸರ ಹಾಕಿಗೆ ಮಾರ್ಕೆಟ್ ಇಲ್ಲ ಅನ್ನಲಿಲ್ಲ. ಎನ್ಎಚ್ಎಲ್ ಗೆದ್ದವರಿಗೆ ಕೊಡೋ ಸ್ಟ್ಯಾನ್ಲಿ ಕಪ್ ಸುಮ್ನೆ ಕೂತಿದೆಯಲ್ಲ, ಹೆಣ್ಣುಮಕ್ಕಳು ಆಡಿ ಗೆಲ್ಲಲಿ ಅಂತ ಕೆನಡಾದ ಆಗಿನ ಗವರ್ನರ್ ಜನರಲ್ ಏಡ್ರಿಯನ್ ಕ್ಲಾರ್ಕ್‌ಸನ್ ಹೇಳಿದರು. ಯಾರು ಕೇಳ್ತಾರೆ? ಕೊನೆಗೆ ಅವರೇ ಹೆಣ್ಣುಮಕ್ಕಳಿಗೆ ಅಂತ ಬೇರೆ ಕಪ್ ಮಾಡಿಸಿಕೊಟ್ಟರು. ಅದೇ ಈ ಕ್ಲಾರ್ಕ್‌ಸನ್ ಕಪ್.

ಇನ್ಫರ್ನೊ 2011ರಲ್ಲಿ ಹುಟ್ಟಿದಾಗ ಅದಕ್ಕೆ ಸ್ವಂತ ಹೆಸರೂ ಇರಲಿಲ್ಲ, ಬರೀ ಟೀಮ್ ಆಲ್ಬರ್ಟಾ. ನಾಮಕರಣಕ್ಕೆ 2013 ಬರಬೇಕಾಯಿತು. 2016ರಲ್ಲಿ ಇದೇ ಮಾಂಟ್ರಿಯಲ್ ಮೇಲೆ 8-3ರಿಂದ ಮೊದಲ ಕಪ್. ಎಂಟು ಸೀಸನ್, ಎರಡು ಕಪ್, ಕಥೆ ಮುಗಿಯಿತು.

ಎನ್ಎಚ್ಎಲ್ ಕೈಕಟ್ಟಿ ಕೂತಿರಲಿಲ್ಲ ಬಿಡಿ. ಅಮೆರಿಕದಲ್ಲಿ ಇನ್ನೊಂದು ಮಹಿಳಾ ಲೀಗ್ ನಡೀತಿರುವಾಗ ನಾವ್ಯಾಕೆ ನಡುವೆ ಬರೋಣ ಅನ್ನೋದು ಅದರ ಕಮಿಷನರ್ ಗ್ಯಾರಿ ಬೆಟ್ಮನ್ ಅವರ ಆಗಿನ ನಿಲುವು. ಆಗಿನ ವರದಿಗಳ ಪ್ರಕಾರ ಎರಡೂ ಮಹಿಳಾ ಲೀಗ್‌ಗಳಿಗೆ ವರ್ಷಕ್ಕೆ ತಲಾ 50,000 ಡಾಲರ್ ಕೊಡುತ್ತಿದ್ದರು. ಒಂದು ಸತ್ತ ಮೇಲೆ ಇನ್ನೊಂದಕ್ಕೆ 1 ಲಕ್ಷ ಮಾಡಿದರು. ಲೆಕ್ಕ ಪಕ್ಕಾ, ಕೈಯಿಂದ ಒಂದು ಕಾಸೂ ಜಾಸ್ತಿ ಹೋಗಲಿಲ್ಲ. ಹುಚ್ಚು ಬಿಡದೆ ಮದುವೆ ಆಗಲ್ಲ, ಮದುವೆ ಆಗದೆ ಹುಚ್ಚು ಬಿಡಲ್ಲ. ಜನ ಬಂದರೆ ದುಡ್ಡು ಹಾಕ್ತೀವಿ ಅಂತಾರೆ. ದುಡ್ಡು ಹಾಕದೆ ಜನ ಎಲ್ಲಿಂದ ಬರ್ತಾರೆ?

ಆಮೇಲೆ ಲೀಗಿನ ಪ್ರಶಸ್ತಿಗಳನ್ನು ಹರಾಜಿಗಿಟ್ಟರು. ಅತಿ ಹೆಚ್ಚು ಅಂಕ ಗಳಿಸಿದವರಿಗೆ ಕೊಡುತ್ತಿದ್ದ ಏಂಜೆಲಾ ಜೇಮ್ಸ್ ಬೌಲ್, ಶ್ರೇಷ್ಠ ಆಟಗಾರ್ತಿಗೆ ಕೊಡುತ್ತಿದ್ದ ಜೇನಾ ಹೆಫರ್ಡ್ ಟ್ರೋಫಿ, ಎಲ್ಲ. ಬಾಗಿಲು ಹಾಕಿದಾಗ ಲೀಗಿನ ಹಂಗಾಮಿ ಕಮಿಷನರ್ ಯಾರು ಗೊತ್ತಾ? ಜೇನಾ ಹೆಫರ್ಡ್. ತನ್ನ ಹೆಸರಿನ ಟ್ರೋಫಿ ತನ್ನ ಲೀಗಿನ ಹರಾಜಿನಲ್ಲೇ ಹೋಗೋದನ್ನು ನೋಡೋ ಭಾಗ್ಯ ಎಷ್ಟು ಜನರಿಗೆ ಸಿಗುತ್ತೆ!

ಅದೇ ಮೇ ತಿಂಗಳಲ್ಲಿ 200ಕ್ಕೂ ಹೆಚ್ಚು ಆಟಗಾರ್ತಿಯರು ಒಟ್ಟಾಗಿ, ಸರಿಯಾದ ವ್ಯವಸ್ಥೆ ಇಲ್ಲದೆ ಉತ್ತರ ಅಮೆರಿಕದ ಯಾವ ಲೀಗಿನಲ್ಲೂ ಆಡಲ್ಲ ಅಂದರು. 2024ರ ಜನವರಿ 1ಕ್ಕೆ ಹೊಸ ಮಹಿಳಾ ಲೀಗ್ ಶುರುವಾಯಿತು. ದುಡ್ಡು ಹಾಕೋರು ಸಿಕ್ಕರು, ಜನ ಬಂದರು. ಮೊದಲ ಆರು ತಂಡಗಳಲ್ಲಿ ಕ್ಯಾಲ್ಗರಿಯ ಹೆಸರಿರಲಿಲ್ಲ.

ಇನ್ಫರ್ನೊದಲ್ಲಿ ಆಡಿ 2016ರ ಕಪ್ ಗೆದ್ದಿದ್ದ ಜೆಸಿಕಾ ಕ್ಯಾಂಬೆಲ್ ಅದೇ 2024ರಲ್ಲಿ ಎನ್ಎಚ್ಎಲ್‌ನ ಸಿಯಾಟಲ್ ತಂಡದ ಸಹಾಯಕ ಕೋಚ್ ಆದರು. ಎನ್ಎಚ್ಎಲ್ ಬೆಂಚಿನ ಹಿಂದೆ ನಿಂತ ಮೊದಲ ಪೂರ್ಣಾವಧಿ ಮಹಿಳಾ ಸಹಾಯಕ ಕೋಚ್. ಅವರು ತಾವೇ ಆಡುವಾಗ ಕೊಡೋಕೆ ದುಡ್ಡಿರಲಿಲ್ಲ. ಗಂಡಸರಿಗೆ ಆಡೋದು ಹೇಗೆ ಅಂತ ಹೇಳಿಕೊಡೋಕೆ ಇತ್ತು.