ಹೊಡೆಯಬಹುದು, ಆದರೆ ಹೊಡೆಯಲೇಬೇಕಾ?

"ಬೇರೆ ಆಟಗಾರರನ್ನ ಕೊಲ್ಲೋಕೆ, ದೋಚೋಕೆ ಗೇಮಲ್ಲಿ ಅವಕಾಶ ಇದೆ ಅಂದ್ಮೇಲೆ ಮಾಡಿದ್ರೆ ತಪ್ಪೇನು?" ಸಾಯದೆ ಉಳಿಯುವುದೇ ಗುರಿಯಾದ ಸರ್ವೈವಲ್ ಗೇಮ್ ಆಡುವವರ ಜೊತೆ ಮಾತಿಗೆ ಕೂತರೆ ಈ ಪ್ರಶ್ನೆ ಬಂದೇ ಬರುತ್ತದೆ. ಅವಕಾಶ ಇರಲೇಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಅವಕಾಶ ಇದೆ ಅಂತ ಎಲ್ಲವನ್ನೂ ಮಾಡಬೇಕಿಲ್ಲ.

ಡೇಝೀ (DayZ) ಗೇಮನ್ನೇ ನೋಡಿ. 2012ರಲ್ಲಿ ಡೀನ್ ಹಾಲ್ ಇದನ್ನು ಆರ್ಮಾ 2 ಗೇಮಿನ ಮಾಡ್ ಆಗಿ, ಅಂದರೆ ಇರುವ ಗೇಮನ್ನೇ ಬದಲಿಸಿ ಮಾಡಿದ ಹೊಸ ರೂಪವಾಗಿ, ತಂದರು. ಸತ್ತರೆ ಕೂಡಿಸಿಟ್ಟದ್ದೆಲ್ಲ ಹೋಗುತ್ತದೆ. ಮತ್ತೆ ಸಮುದ್ರದ ದಡದಿಂದ ಶುರು. ಹಾಗಾಗಿ ಅಲ್ಲಿ ಜನ ಝಾಂಬಿಗಳಿಗಿಂತ ಜಾಸ್ತಿ ಹೆದರುವುದು ಇನ್ನೊಬ್ಬ ಆಟಗಾರನಿಗೆ. ಎದುರಿನವನು ಮೈಕಲ್ಲಿ "ಫ್ರೆಂಡ್ಲಿ, ಫ್ರೆಂಡ್ಲಿ" ಅಂತ ಕೂಗಿದರೂ ನಂಬುವುದು ಕಷ್ಟ. ಭಯಕ್ಕೆ ಗುಂಡು ಹಾರಿಸಿದವನನ್ನು ನಾನು ದೂರುವುದಿಲ್ಲ. ದಡದಲ್ಲಿ ಈಗಷ್ಟೇ ಕಣ್ಣುಬಿಟ್ಟ ಹೊಸಬನನ್ನು ದೂರದಿಂದ ಸ್ನೈಪರ್ ಹಿಡಿದು ಹೊಡೆಯುವವನಿಗೆ ಯಾವ ಭಯ? ಆ ಹೊಸಬನ ಹತ್ತಿರ ದೋಚುವಂಥ ಸಾಮಾನೂ ಇಲ್ಲ.

ಆ ಹಳೆಯ ಮಾಡ್‌ನಲ್ಲಿ ಮಾನವೀಯತೆಗೂ ಪಾಯಿಂಟ್ ಇತ್ತು. ಜನರನ್ನು ಕೊಲ್ಲುತ್ತಾ ಹೋದರೆ ದರೋಡೆಕೋರನ ವೇಷ. ಗಾಯಗೊಂಡವರಿಗೆ ರಕ್ತ ಕೊಡುತ್ತಾ ಹೋದರೆ ಹೀರೋ ವೇಷ. ಕೇಳಲು ಚೆಂದ. ಆದರೆ ಬರೀ ಪಾಯಿಂಟಿಗಾಗಿ ಗೆಳೆಯರೇ ಒಬ್ಬರಿಗೊಬ್ಬರು ರಕ್ತ ಏರಿಸಿಕೊಂಡರು. ಮುಂದೆ ಪ್ರತ್ಯೇಕ ಗೇಮ್ ಆಗಿ ಬಂದ ಡೇಝೀಯಲ್ಲಿ ಈ ಲೆಕ್ಕ ಇಲ್ಲ. ಒಳ್ಳೆಯದೇ ಆಯಿತು. ಈಗ ಯಾರಾದರೂ ಅಪರಿಚಿತನಿಗೆ ಬ್ಯಾಂಡೇಜ್ ಸುತ್ತಿದರೆ ಅವರಿಗೆ ಪ್ರತಿಫಲ ಏನೂ ಇಲ್ಲ. ಮೇಲಾಗಿ ಸುತ್ತುವಷ್ಟು ಹೊತ್ತು ಕೈಯಲ್ಲಿ ಬಂದೂಕೂ ಇರುವುದಿಲ್ಲ. ಕೊಲ್ಲಬಹುದಾದ ಜಾಗದಲ್ಲೇ ಕೊಲ್ಲದೆ ಬಿಟ್ಟದ್ದಕ್ಕೆ ಬೆಲೆ, ಅಲ್ವಾ? ಅದಕ್ಕೇ ಕೊಲ್ಲುವುದನ್ನೇ ನಿಷೇಧಿಸಿ ಅಂತ ನಾನು ಯಾವತ್ತೂ ಕೇಳುವುದಿಲ್ಲ.

ರಸ್ಟ್ (Rust) ಅನ್ನುವ ಇನ್ನೊಂದು ಸರ್ವೈವಲ್ ಗೇಮಲ್ಲಿ ಇದು ಇನ್ನೂ ಕಟುವಾಗುತ್ತದೆ. ಅಲ್ಲಿ ನೀವು ಲಾಗೌಟ್ ಆದರೂ ನಿಮ್ಮ ಪಾತ್ರ ಅಲ್ಲೇ ಮಲಗಿರುತ್ತದೆ, ಮನೆಯೂ ಹಾಗೇ ಇರುತ್ತದೆ. ಎದುರಾಳಿ ನಿದ್ದೆಗೋ ಕೆಲಸಕ್ಕೋ ಹೋದಾಗ ಗೋಡೆ ಒಡೆದು ಎಲ್ಲವನ್ನೂ ಬಾಚುವುದೇ ಆಫ್‌ಲೈನ್ ರೇಡ್. "ಹೇಗೂ ತಿಂಗಳಿಗೊಮ್ಮೆ ವೈಪ್ ಆಗುತ್ತೆ, ಎಲ್ಲಾ ಅಳಿಸಿ ಹೋಗುತ್ತೆ, ಇಷ್ಟಕ್ಕೇ ಯಾಕೆ ತಲೆಕೆಡಿಸ್ಕೋತೀಯ" ಅನ್ನುತ್ತಾರೆ. ಗೋಡೆ ಅಳಿಸಿ ಹೋಗುತ್ತದೆ, ಸರಿ. ಅದನ್ನು ಕಟ್ಟಲು ಅವನು ಕೊಟ್ಟ ಸಂಜೆಗಳು ಅವನ ಬದುಕಿನವು. ಅವನಿದ್ದಾಗ ಹೋಗಿ ಹೊಡೆದಾಡಿ ಗೆದ್ದರೆ ಸೋತವನಿಗೂ ಒಂದು ಒಳ್ಳೆಯ ಆಟ ಸಿಕ್ಕಿರುತ್ತದೆ. ಇಲ್ಲದಾಗ ಹೋದರೆ ಅವನಿಗೆ ಸಿಗುವುದು ಖಾಲಿ ಪೆಟ್ಟಿಗೆ ಮಾತ್ರ. ನಾವು ಬಿಟ್ಟರೂ ಬೇರೆಯವರು ನಮ್ಮನ್ನು ಬಿಡುವುದಿಲ್ಲ ಅನ್ನುವುದು ನಿಜ. ಅದರಿಂದ ನಮಗೆ ನಷ್ಟ ಆಗುತ್ತದೆ. ಆ ನಷ್ಟಕ್ಕೆ ನಾನು ತಯಾರಿದ್ದೇನೆ.

ಇನ್ನು ಮೈಕ್. ಪಾತ್ರವನ್ನು ಕೊಲ್ಲುವುದು ಆಟದ ಒಳಗಿನ ಮಾತು. ಸರ್ವರ್‌ಗೆ ಕಾಲಿಟ್ಟವರೆಲ್ಲ ಅದಕ್ಕೆ ಒಪ್ಪಿಯೇ ಬಂದಿರುತ್ತಾರೆ. ಆದರೆ ಆ ಪಾತ್ರಕ್ಕೆ ಕೈಕೋಳ ಹಾಕಿ ಕೂರಿಸಿ, ಮೈಕಲ್ಲಿ ತಾಯಿ, ಜಾತಿ, ಭಾಷೆ ಎತ್ತಿ ಬೈಯುವುದಕ್ಕೆ ಯಾರೂ ಒಪ್ಪಿಗೆ ಕೊಟ್ಟಿರುವುದಿಲ್ಲ. ಆ ಬೈಗುಳ ಕೇಳುವುದು ಪಾತ್ರವಲ್ಲ, ಹೆಡ್‌ಫೋನ್ ಹಾಕಿ ಕೂತಿರುವ ಮನುಷ್ಯ. ಹೆಣ್ಣುಮಕ್ಕಳು ಮೈಕ್ ಆನ್ ಮಾಡಲೇ ಹೆದರುವುದು ಇದಕ್ಕೇ.

ನಮ್ಮ ಟೀಮಿಗೆ ಬರುವವರಿಗೆ ಮೊದಲೇ ಹೇಳಿಬಿಡುತ್ತೇನೆ: ಹೊಸಬರನ್ನು ಸುಮ್ನೆ ಹೊಡೆಯುವಂತಿಲ್ಲ, ಆಫ್‌ಲೈನ್ ರೇಡ್ ಇಲ್ಲ, ಮೈಕಲ್ಲಿ ಹೊಲಸು ಮಾತಿಲ್ಲ. ಇದು ನಮ್ಮ ನಿಯಮ, ಗೇಮಿನದ್ದಲ್ಲ. ಒಪ್ಪದೆ ಕೆಲವರು ಬಿಟ್ಟು ಹೋಗಿದ್ದಾರೆ, ಅವರಲ್ಲಿ ನಮಗಿಂತ ಚೆನ್ನಾಗಿ ಆಡುವವರೂ ಇದ್ದರು. ಆದರೂ ನಿಯಮ ಬದಲಾಯಿಸಿಲ್ಲ.