ಕಿಟಕಿಯಿಂದ ಇಳಿದ ವೈರು

ಬೆಂಗಳೂರಿನ ಕನಕಪುರ ರಸ್ತೆಯ ಕಡೆ ಇರುವ ಅಕ್ಕನ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಒಂದು ನೋಟಿಸು ಅಂಟಿಸಿದ್ದರು. ಬೇಸ್‌ಮೆಂಟಿನಲ್ಲಿ ವಿದ್ಯುತ್ ವಾಹನಗಳನ್ನು ಚಾರ್ಜ್ ಮಾಡುವುದನ್ನು ಮುಂದಿನ ಸೂಚನೆಯವರೆಗೆ ನಿಷೇಧಿಸಲಾಗಿದೆ, ಬೆಂಕಿಯ ಅಪಾಯವಿರುವುದರಿಂದ ನಿವಾಸಿಗಳು ಸಹಕರಿಸಬೇಕು, ಇಂತಿ ಕಾರ್ಯದರ್ಶಿ. ಅದರ ಕೆಳಗೆ ಗಣೇಶೋತ್ಸವದ ಚಂದಾ ಪಟ್ಟಿ. ಭಾವ ಹಸಿರು ನಂಬರ್ ಪ್ಲೇಟಿನ ವಿದ್ಯುತ್ ಕಾರು ತೆಗೆದುಕೊಂಡು ಇನ್ನೂ ವರ್ಷ ತುಂಬಿಲ್ಲ. ಈಗ ಭಾನುವಾರ ಬೆಳಿಗ್ಗೆ ಪೇಪರು ಹಿಡಿದುಕೊಂಡು ಮಾಲ್ ಒಂದರ ಚಾರ್ಜಿಂಗ್ ಜಾಗದಲ್ಲಿ ಕೂತಿರುತ್ತಾರೆ. "ಏನು ಮಾಡುವುದು, ನಾಲ್ಕು ಜನ ಇರುವ ಕಡೆ ಹೊಂದಿಕೊಂಡು ಹೋಗಬೇಕಲ್ಲ" ಎಂದರು. ಅವರ ತಾಳ್ಮೆ ನೋಡಿ ನನಗೆ ಇನ್ನಷ್ಟು ಉರಿಯಿತು.

ನಾನಿರುವುದು ಓಸ್ಲೋದಲ್ಲಿ. 2024ರಲ್ಲಿ ನಾರ್ವೆಯಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ವಿದ್ಯುತ್ತಿನವು. ನಮ್ಮ ಕಟ್ಟಡದ ನೆಲಮಾಳಿಗೆಯಲ್ಲಿ ರಾತ್ರಿಯೆಲ್ಲ ಅವು ಸಾಲಾಗಿ ಚಾರ್ಜ್ ಆಗುತ್ತಿರುತ್ತವೆ, ಮೇಲೆ ನಾವೆಲ್ಲ ನಿದ್ದೆ ಮಾಡುತ್ತಿರುತ್ತೇವೆ. ವಸತಿ ಸಂಘದ ಸದಸ್ಯರೊಬ್ಬರು ತಮ್ಮ ಜಾಗದಲ್ಲಿ ಚಾರ್ಜರ್ ಹಾಕಿಸುತ್ತೇನೆ ಎಂದರೆ ತಕ್ಕ ಕಾರಣವಿಲ್ಲದೆ ಸಂಘ ಬೇಡವೆನ್ನುವಂತಿಲ್ಲ, ಕಾನೂನೇ ಹಾಗಿದೆ. ನಮ್ಮಲ್ಲೂ ಕೇಂದ್ರದ ವಿದ್ಯುತ್ ಸಚಿವಾಲಯ 2022ರ ಜನವರಿಯಲ್ಲೇ ಮಾರ್ಗಸೂಚಿ ಹೊರಡಿಸಿ, ಮನೆಯಲ್ಲಿ, ಕಚೇರಿಯಲ್ಲಿ ಈಗಿರುವ ವಿದ್ಯುತ್ ಸಂಪರ್ಕದಿಂದಲೇ ವಾಹನ ಚಾರ್ಜ್ ಮಾಡಿಕೊಳ್ಳಬಹುದು ಎಂದಿದೆ. ಇಡೀ ದೇಶದಲ್ಲೇ ಮೊದಲು, 2017ರಲ್ಲಿ, ವಿದ್ಯುತ್ ವಾಹನ ನೀತಿ ತಂದ ರಾಜ್ಯ ನಮ್ಮದು. ಅಂಥ ರಾಜ್ಯದ ರಾಜಧಾನಿಯ ಲಿಫ್ಟಿನಲ್ಲಿ ಈ ನೋಟಿಸು.

ಅಲ್ಲಿಂದ ವಿಜಯನಗರಕ್ಕೆ, ಅಮ್ಮನ ಮನೆಗೆ ಬಂದರೆ ಇನ್ನೊಂದು ನೋಟ. ಮೇಲಿನ ಮನೆಯ ಬಾಡಿಗೆ ಹುಡುಗ ಊಟದ ಪಾರ್ಸೆಲ್ ತಲುಪಿಸುವ ಕೆಲಸ ಮಾಡುತ್ತಾನೆ, ಹಗಲಿಡೀ ವಿದ್ಯುತ್ ಸ್ಕೂಟರಿನ ಮೇಲೆಯೇ ಇರುತ್ತಾನೆ. ರಾತ್ರಿ ಅವನ ಅಡುಗೆಮನೆಯ ಮಿಕ್ಸಿ ಪಾಯಿಂಟಿನಿಂದ ಹೊರಟ ವೈರು ಕಿಟಕಿಯ ಗ್ರಿಲ್ಲಿನಲ್ಲಿ ತೂರಿ, ಸಜ್ಜೆಯ ಮೇಲೆ ಹಾದು, ಸಂಪಿನ ಮುಚ್ಚಳದ ಪಕ್ಕ ನಿಂತ ಸ್ಕೂಟರಿನವರೆಗೆ ಇಳಿಯುತ್ತದೆ. ಎಕ್ಸ್‌ಟೆನ್ಷನ್ ಬಾಕ್ಸಿನೊಳಗೆ ಮಳೆ ನೀರು ಹೋಗದಿರಲಿ ಎಂದು ನಂದಿನಿ ಹಾಲಿನ ಕವರು ಕಟ್ಟಿದ್ದಾನೆ. ಉಳಿದ ವೈರನ್ನು ಅಚ್ಚುಕಟ್ಟಾಗಿ ಸುರುಳಿ ಸುತ್ತಿ ಮೊಳೆಗೆ ನೇತುಹಾಕಿದ್ದಾನೆ. ಪ್ಲಗ್ ಪಾಯಿಂಟಿನ ಒಂದು ತೂತಿನ ಸುತ್ತ ಬಿಳಿ ಪ್ಲಾಸ್ಟಿಕ್ಕು ಕಂದು ತಿರುಗಿತ್ತು. ಮುಟ್ಟಿ ನೋಡಿದೆ, ಬಿಸಿಯಿತ್ತು.

"ಅದೇನೂ ಆಗುವುದಿಲ್ಲ ಬಿಡು, ಆರು ತಿಂಗಳಿಂದ ಹೀಗೇ ಇದೆ" ಎಂದರು ಅಮ್ಮ. ಇದೇ ಅಮ್ಮ, ಅಕ್ಕನ ಮನೆಯಲ್ಲಿ ಭಾವನ ಕಾರಿನ ಪಕ್ಕ ಮೊಮ್ಮಗನನ್ನು ನಿಲ್ಲಲು ಬಿಡುವುದಿಲ್ಲ. ಬ್ಯಾಟರಿ ಯಾವಾಗ ಏನಾಗುತ್ತದೋ ಎಂಬ ದಿಗಿಲು.

ನಾನು ಹೇಳಬೇಕೆಂದಿರುವುದು ಇಷ್ಟೇ. ನಮ್ಮೂರು ಹೆದರುವುದು ಬ್ಯಾಟರಿಗೆ, ನಂಬುವುದು ಪ್ಲಗ್ ಪಾಯಿಂಟನ್ನು. ಓಸ್ಲೋದವರು ಇದಕ್ಕೆ ತದ್ವಿರುದ್ಧ. ಕಾರನ್ನು ಮಲಗುವ ಕೋಣೆಯ ಕೆಳಗೆ ನಿಲ್ಲಿಸಿ ಮರೆತುಬಿಡುತ್ತಾರೆ, ಗೋಡೆಯ ಸಾಕೆಟ್ಟನ್ನು ಮಾತ್ರ ನಂಬುವುದಿಲ್ಲ. ಮನೆಯ ಸಾಮಾನ್ಯ ಸಾಕೆಟ್ಟಿನಿಂದ ದಿನನಿತ್ಯ ಕಾರು ಚಾರ್ಜ್ ಮಾಡಬೇಡಿ, ಅದಕ್ಕೆಂದೇ ಗೋಡೆಗೆ ಕೂರಿಸುವ ಚಾರ್ಜರ್ ಹಾಕಿಸಿಕೊಳ್ಳಿ ಎಂದು ಅಲ್ಲಿನ ನಾಗರಿಕ ಸುರಕ್ಷತೆಯ ಇಲಾಖೆ ಹೇಳುತ್ತಲೇ ಇರುತ್ತದೆ. ಚಾರ್ಜರಿಗೆ ಮೀಟರ್ ಬೋರ್ಡಿನಿಂದ ನೇರವಾಗಿ ಬೇರೆಯದೇ ಲೈನು ಎಳೆಯಬೇಕು, ಅದಕ್ಕೆ ಅದರದೇ ಎಂಸಿಬಿ (ಕರೆಂಟು ಮಿತಿ ಮೀರಿದರೆ ಬೀಳುವ ಸ್ವಿಚ್ಚು), ಕರೆಂಟು ಸೋರಿದರೆ ಬೀಳುವ ಅದರದೇ ಇನ್ನೊಂದು ಸ್ವಿಚ್ಚು. ಲೈಸೆನ್ಸ್ ಇಲ್ಲದವರು ಕೈ ಹಚ್ಚುವಂತಿಲ್ಲ. ಕೆಲಸ ಮುಗಿದ ಮೇಲೆ ನಿಯಮದ ಪ್ರಕಾರ ಮಾಡಿದ್ದೇನೆ ಎಂದು ಎಲೆಕ್ಟ್ರಿಷಿಯನ್ ಬರೆದು ಸಹಿ ಹಾಕಿ ಕೊಡುತ್ತಾನೆ. ಮನೆ ಮಾರುವಾಗ ಆ ಕಾಗದವನ್ನೂ ಕೇಳುತ್ತಾರೆ.

ಇಷ್ಟೊಂದು ಮಡಿ ಯಾಕೆ ಎಂದು ಮೊದಮೊದಲು ನನಗೂ ಅನ್ನಿಸುತ್ತಿತ್ತು. ಲೆಕ್ಕ ಸುಲಭವಾದದ್ದು. ಗೀಸರು 3 ಕಿಲೋವ್ಯಾಟ್ ಎಳೆದರೂ ಕಾಲು ಗಂಟೆಯಲ್ಲಿ ಆರಿಸುತ್ತೇವೆ, ಮಿಕ್ಸಿ ಚಟ್ನಿ ನುಣ್ಣಗಾದರೆ ಮುಗಿಯಿತು. ಕಾರಿನ ಜೊತೆ ಬರುವ ಪೋರ್ಟಬಲ್ ಚಾರ್ಜರು 15 ಆಂಪಿಯರಿನ ಪಾಯಿಂಟಿನಿಂದ ಅದೇ 3 ಕಿಲೋವ್ಯಾಟನ್ನು ರಾತ್ರಿಯಿಡೀ ಎಳೆಯುತ್ತದೆ. 40 ಯೂನಿಟ್ಟಿನ ಬ್ಯಾಟರಿ ಖಾಲಿಯಿಂದ ತುಂಬಲು 13-14 ಗಂಟೆ ಬೇಕು. ಸಾಕೆಟ್ಟಿನೊಳಗೆ ಒಂದು ಸ್ಕ್ರೂ ಸಡಿಲವಿದ್ದರೆ, ಹಿತ್ತಾಳೆಯ ತಗಡು ಪ್ಲಗ್ಗಿನ ಕಡ್ಡಿಯನ್ನು ಬಿಗಿಯಾಗಿ ಹಿಡಿಯದಿದ್ದರೆ, ಆ ಒಂದು ಬಿಂದುವಿನಲ್ಲಿ ಬಿಸಿ ಕೂಡುತ್ತಾ ಹೋಗುತ್ತದೆ. ಕರೆಂಟು ಎರಡರಷ್ಟಾದರೆ ಅಲ್ಲಿನ ಬಿಸಿ ನಾಲ್ಕರಷ್ಟು. ಎಂಸಿಬಿ ಇದೆಯಲ್ಲ ಎನ್ನುತ್ತಾರೆ. ಎಂಸಿಬಿ ಬೀಳುವುದು ಹರಿಯುವ ಕರೆಂಟು ಮಿತಿ ಮೀರಿದಾಗ. ಸಡಿಲ ಸ್ಕ್ರೂ ಕಾಯ್ದು ಕೆಂಪಾದರೂ ಕರೆಂಟು ಅಷ್ಟೇ ಇರುತ್ತದೆ, ಎಂಸಿಬಿಗೆ ಅದು ಗೊತ್ತೇ ಆಗುವುದಿಲ್ಲ. ಸ್ಕೂಟರು ಎಳೆಯುವುದು ಮೂರು ನಾಲ್ಕು ಆಂಪಿಯರು ಮಾತ್ರ, ಒಳ್ಳೆಯ ಪಾಯಿಂಟಿಗೆ ಅದೊಂದು ಭಾರವೇ ಅಲ್ಲ. ಆದರೆ ಹಳೆಯ ಮಿಕ್ಸಿ ಪಾಯಿಂಟು, ಅದರ ತುದಿಗೆ ಅಗ್ಗದ ಎಕ್ಸ್‌ಟೆನ್ಷನ್ನು, ಬಿಸಿ ಹೊರಹೋಗದಂತೆ ಸುತ್ತಿಟ್ಟ ವೈರು, ಮೇಲೆ ಹಾಲಿನ ಕವರು.

ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಅರ್ಥಿಂಗಿನ ಕತೆ ಇನ್ನೂ ದೊಡ್ಡದು. ಮನೆ ಕಟ್ಟಿಸುವಾಗ ಅಪ್ಪ ಕಾಂಪೌಂಡಿನ ಮೂಲೆಯಲ್ಲಿ ಗುಂಡಿ ತೋಡಿಸಿ ಇದ್ದಿಲು, ಉಪ್ಪು ತುಂಬಿಸಿದ್ದರು. ಶಿವರಾತ್ರಿ ಕಳೆದು ಬಿಸಿಲು ಏರಿದರೆ ವಾರಕ್ಕೊಂದು ಬಕೆಟ್ ನೀರು ಅದಕ್ಕೆ ಹುಯ್ಯುತ್ತಿದ್ದರು. ಅಪ್ಪ ಹೋದ ಮೇಲೆ ಅಂಗಳಕ್ಕೆಲ್ಲ ಟೈಲ್ಸು ಹಾಕಿಸಿದೆವು. ಈಗ ಆ ಗುಂಡಿ ಎಲ್ಲಿದೆ ಎಂದು ಅಮ್ಮನಿಗೂ ನೆನಪಿಲ್ಲ. ವಿಜಯನಗರ, ರಾಜಾಜಿನಗರದ ಎಷ್ಟು ಮನೆಗಳದು ಇದೇ ಪಾಡೋ! ಮೂರು ಕಡ್ಡಿಯ ಪ್ಲಗ್ಗಿನಲ್ಲಿ ಮೂರನೆಯದು ಎಲ್ಲಿಗೂ ಹೋಗಿ ಮುಟ್ಟುವುದಿಲ್ಲ.

ಕಾರು ಸುಲಭವಾಗಿ ಮೋಸಹೋಗುವ ಯಂತ್ರವಲ್ಲ. ಅರ್ಥ್ ಸಿಗದಿದ್ದರೆ ಅದರ ಚಾರ್ಜರು ಕೆಂಪು ದೀಪ ಹಚ್ಚಿ ಸುಮ್ಮನಾಗುತ್ತದೆ. ಭಾವನ ಸಹೋದ್ಯೋಗಿಯೊಬ್ಬರ ಮನೆಯಲ್ಲಿ ಹಾಗಾದಾಗ, ಕರೆಸಿದವನು ಐದು ನಿಮಿಷದಲ್ಲಿ 'ಸರಿ' ಮಾಡಿಕೊಟ್ಟನಂತೆ. ಸಾಕೆಟ್ಟಿನೊಳಗೆ, ಕರೆಂಟು ವಾಪಸು ಹೋಗುವ ನ್ಯೂಟ್ರಲ್ಲಿಗೂ ಅರ್ಥಿಗೂ ಒಂದು ತುಂಡು ವೈರು ಜೋಡಿಸಿದ. ಕೆಂಪು ದೀಪ ಹಸಿರಾಯಿತು, ಅವನಿಗೆ ಕಾಫಿ ಸಿಕ್ಕಿತು. ನಾಳೆ ನ್ಯೂಟ್ರಲ್ ಎಲ್ಲಾದರೂ ಕಡಿದರೆ ಕಾರಿನ ಇಡೀ ಲೋಹದ ಮೈಗೆ 230 ವೋಲ್ಟ್ ಬಂದು ಕೂರುತ್ತದೆ. ಶಾಲೆಗೆ ಹೊರಟ ಮಗು ಬಾಗಿಲ ಹಿಡಿಗೆ ಕೈ ಹಾಕುತ್ತದೆ. ನಾರ್ವೆಯಲ್ಲೂ ಈ ತಕರಾರು ಎದ್ದಿತ್ತು. ಅಲ್ಲಿನ ಹಳೆಯ ಬಡಾವಣೆಗಳ ವಿದ್ಯುತ್ ಜಾಲದ ರೀತಿಯೇ ಬೇರೆ, ನ್ಯೂಟ್ರಲ್ ಎಂಬುದೇ ಇರುವುದಿಲ್ಲ. ಫ್ರಾನ್ಸಿನಿಂದ ಬಂದ ಒಂದು ಕಾರು ಅಲ್ಲಿನ ಅರ್ಥಿಂಗ್ ಒಪ್ಪದೆ ಚಾರ್ಜ್ ಆಗಲೊಲ್ಲೆ ಎಂದು ಹಟ ಹಿಡಿಯುತ್ತಿತ್ತು. ಜನ ಬೈದುಕೊಂಡರು, ಬೈದುಕೊಂಡೇ ಮನೆಯ ಅರ್ಥಿಂಗ್ ಸರಿಮಾಡಿಸಿದರು.

ಬ್ಯಾಟರಿಯ ಭಯ ಪೂರ್ತಿ ಸುಳ್ಳು ಎನ್ನುವುದಿಲ್ಲ. 2022ರ ಬೇಸಿಗೆಯಲ್ಲಿ ಸ್ಕೂಟರುಗಳು ಹೊತ್ತಿ ಉರಿದದ್ದನ್ನು ಎಲ್ಲರೂ ಮೊಬೈಲಿನಲ್ಲಿ ನೋಡಿದ್ದೇವೆ. ವೆಲ್ಲೂರಿನಲ್ಲಿ ರಾತ್ರಿ ಚಾರ್ಜಿಗೆ ಹಾಕಿದ್ದ ಸ್ಕೂಟರಿಗೆ ಬೆಂಕಿ ಹತ್ತಿ ತಂದೆ, ಮಗಳು ಹೊಗೆಯಲ್ಲಿ ಉಸಿರುಗಟ್ಟಿ ತೀರಿಕೊಂಡರು. ಆಮೇಲೆ ಬ್ಯಾಟರಿಯ ಸುರಕ್ಷತಾ ನಿಯಮಗಳನ್ನು 2022ರ ಡಿಸೆಂಬರಿನಲ್ಲಿ ಒಂದು ಸಲ, 2023ರ ಮಾರ್ಚ್ ಕೊನೆಯಲ್ಲಿ ಇನ್ನೊಂದು ಸಲ ಬಿಗಿ ಮಾಡಿದರು. ನೋಟಿಸು ಬರೆದ ಕಾರ್ಯದರ್ಶಿಗಳಿಗೆ ಮೊದಲಿನ ಸುದ್ದಿ ಗೊತ್ತು, ನಂತರದ್ದು ಗೊತ್ತಿಲ್ಲ. ನಾರ್ವೆಯ ಸ್ಟಾವಾಂಗರ್ ವಿಮಾನ ನಿಲ್ದಾಣದಲ್ಲಿ 2020ರ ಜನವರಿಯಲ್ಲಿ ಬಹುಮಹಡಿ ಪಾರ್ಕಿಂಗ್ ಕಟ್ಟಡ ಹತ್ತಿ ನೂರಾರು ಕಾರುಗಳು ಸುಟ್ಟುಹೋದಾಗಲೂ ಮೊದಲು ಬೆರಳು ತೋರಿಸಿದ್ದು ವಿದ್ಯುತ್ ಕಾರುಗಳ ಕಡೆಗೇ. ಬೆಂಕಿ ಹುಟ್ಟಿದ್ದು ಒಂದು ಡೀಸೆಲ್ ಕಾರಿನಲ್ಲಿ. ಇದನ್ನು ಕಾರ್ಯದರ್ಶಿಗಳಿಗೆ ಹೇಳಿದೆ. ಅವರು ನಯವಾಗಿ, "ಅದು ಫಾರಿನ್ನು" ಎಂದರು. ಇದೇ ಬೇಸ್‌ಮೆಂಟಿನಲ್ಲಿ ಆಯುಧಪೂಜೆಯ ದಿನ ಪೆಟ್ರೋಲ್ ಟ್ಯಾಂಕುಗಳ ಸಾಲಿನ ನಡುವೆ ಕರ್ಪೂರ ಹಚ್ಚಿದ ತಟ್ಟೆ ಓಡಾಡುತ್ತದೆ. ಅದಕ್ಕೆ ನೋಟಿಸು ಇಲ್ಲ.

ಬೆಂಗಳೂರಿನವರು ಬ್ಯಾಟರಿಯ ವಿಷಯದಲ್ಲಿ ಹೆದರಲೇಬೇಕಾದ ಸಂದರ್ಭವೊಂದಿದೆ, ಅದರ ಬಗ್ಗೆ ಯಾರೂ ಮಾತಾಡುವುದಿಲ್ಲ. ನೀರು. 2022ರ ಸೆಪ್ಟೆಂಬರಿನಲ್ಲಿ ಹೊರವರ್ತುಲ ರಸ್ತೆ, ಬೆಳ್ಳಂದೂರಿನ ಬಡಾವಣೆಗಳು ಮುಳುಗಿದವು, 2024ರ ಅಕ್ಟೋಬರಿನಲ್ಲಿ ಯಲಹಂಕದ ಕೇಂದ್ರೀಯ ವಿಹಾರದಿಂದ ಜನರನ್ನು ದೋಣಿಯಲ್ಲಿ ಕರೆತಂದರು. ಬ್ಯಾಟರಿಯ ಪೆಟ್ಟಿಗೆಯ ಮೇಲೆ ಐಪಿ 67 ಎಂದು ಬರೆದಿರುತ್ತದೆ. ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ತಡೆಯುತ್ತದೆ ಎಂದು ಅದರ ಅರ್ಥ. ಮೋರಿಯ ನೀರಿನಲ್ಲಿ ಒಂದು ಹಗಲು ಒಂದು ರಾತ್ರಿ ಮುಳುಗಿದ್ದ ವಾಹನಕ್ಕೆ ಆ ಮಾತು ಅನ್ವಯಿಸುವುದಿಲ್ಲ. ನೀರು ಇಳಿದ ಮೇಲೆ ಒಣಗಿತಲ್ಲ ಎಂದು ಚಾರ್ಜಿಗೆ ಹಾಕುವಂತೆಯೇ ಇಲ್ಲ, ಸ್ವಿಚ್ಚೂ ಒತ್ತಬಾರದು. ಒಳಗೆ ನೀರು ಸೇರಿದ್ದರೆ ತುಕ್ಕು ಹಿಡಿದು, ದಿನಗಳಾದ ಮೇಲೂ ಶಾರ್ಟ್ ಆಗಿ ಹೊತ್ತಿಕೊಳ್ಳಬಹುದು. ತಳ್ಳಿ ಬಯಲಲ್ಲಿ, ಗೋಡೆಯಿಂದ ದೂರ ನಿಲ್ಲಿಸಿ, ಕಂಪನಿಯವರನ್ನು ಕರೆಸಿ ಎಳೆಸಿಕೊಂಡು ಹೋಗಬೇಕು. ಲಿಫ್ಟಿನಲ್ಲಿ ನೋಟಿಸು ಅಂಟಿಸುವುದಾದರೆ ಇದನ್ನು ಅಂಟಿಸಲಿ.

ಓಡಿಸುವ ವಿಷಯದಲ್ಲಿ ನನ್ನ ತಕರಾರು ಕಡಿಮೆ. ನಿಂತು ನಿಂತು ಸಾಗುವ ಸಿಲ್ಕ್ ಬೋರ್ಡಿನ ದಾರಿ ಪೆಟ್ರೋಲ್ ಗಾಡಿಗೆ ಶಾಪ, ವಿದ್ಯುತ್ ಗಾಡಿಗೆ ಅಲ್ಲ. ನಿಂತಾಗ ಅದು ಹೆಚ್ಚೇನೂ ಉಣ್ಣುವುದಿಲ್ಲ, ಬ್ರೇಕ್ ಹಾಕಿದಾಗ ಒಂದಿಷ್ಟು ವಾಪಸು ತುಂಬಿಕೊಳ್ಳುತ್ತದೆ. ಸದ್ದಿಲ್ಲದೆ ಬರುತ್ತದೆ ಎಂಬುದನ್ನು ಓಡಿಸುವವರು ನೆನಪಿಡಬೇಕು, ನಮ್ಮಲ್ಲಿ ರಸ್ತೆ ದಾಟುವವರು ದಾಟುವುದು ಕಿವಿಯಿಂದ. ಬೇಸಿಗೆಯ ಮಧ್ಯಾಹ್ನ ಮನೆಗೆ ಬಂದ ತಕ್ಷಣ ಸ್ಕೂಟರನ್ನು ಚಾರ್ಜಿಗೆ ಹಾಕದೆ, ಬ್ಯಾಟರಿ ಆರಲು ಬಿಟ್ಟರೆ ಅದರ ಆಯಸ್ಸಿಗೆ ಒಳ್ಳೆಯದು.

ಇನ್ನು ಒಪ್ಪಿಕೊಳ್ಳಬೇಕಾದದ್ದನ್ನು ಒಪ್ಪಿಕೊಳ್ಳುತ್ತೇನೆ, ಅಷ್ಟೇನೂ ಮನಸ್ಸಿಲ್ಲದಿದ್ದರೂ. ನಾರ್ವೆಯ ಶಿಸ್ತಿನ ಹಿಂದೆ ಸಮುದ್ರದಡಿಯ ಎಣ್ಣೆ ಮಾರಿದ ದುಡ್ಡಿದೆ. ವರ್ಷಗಟ್ಟಲೆ ತೆರಿಗೆ ಬಿಟ್ಟುಕೊಟ್ಟು ಜನರಿಂದ ಈ ಕಾರು ಕೊಳ್ಳಿಸಿದರು. ಕಾನೂನು ಬಂದದ್ದಾದರೂ ಯಾಕೆ, ಅಲ್ಲಿನ ಸಂಘಗಳೂ ಮೊದಲು ಬೇಡವೆಂದೇ ಕೂತಿದ್ದಕ್ಕೆ ತಾನೆ? ಕಾರ್ಯದರ್ಶಿಗಳು ಹೇಳಿದ ಇನ್ನೊಂದು ಮಾತಿನಲ್ಲೂ ಹುರುಳಿತ್ತು. ಕಟ್ಟಡಕ್ಕೆ ಮಂಜೂರಾದ ಲೋಡು ಹಳೆಯ ಲೆಕ್ಕದ್ದು, ನಾಳೆ ಇಪ್ಪತ್ತು ಕಾರು ಒಟ್ಟಿಗೆ ಚಾರ್ಜಿಗೆ ನಿಂತರೆ ಬೆಸ್ಕಾಂಗೆ ಅರ್ಜಿ ಹಾಕಿ ಲೋಡು ಹೆಚ್ಚಿಸುವ ಖರ್ಚು ಕಾರಿಲ್ಲದವರ ಮೇಲೂ ಬೀಳುತ್ತದೆ. ಅದನ್ನೇ ನೋಟಿಸಿನಲ್ಲಿ ಬರೆದಿದ್ದರೆ ನಾನು ಜಗಳಕ್ಕೆ ನಿಲ್ಲುತ್ತಿರಲಿಲ್ಲ. ಹವೆಯ ಮಾತಿಗೆ ಬಂದರೆ ನಾನು ಸೋತೆ. ಜನವರಿಯ ಓಸ್ಲೋದಲ್ಲಿ ಬ್ಯಾಟರಿ ಮರಗಟ್ಟಿ, ಒಮ್ಮೆ ಚಾರ್ಜ್ ಮಾಡಿದರೆ ಓಡುವ ದೂರದಲ್ಲಿ ನಾಲ್ಕನೇ ಒಂದು ಭಾಗವೇ ಹೋದರೂ ಯಾರೂ ಅಚ್ಚರಿಪಡುವುದಿಲ್ಲ. ಬೆಂಗಳೂರಿನ ಚಳಿ ಬ್ಯಾಟರಿಗೆ ಚಳಿಯೇ ಅಲ್ಲ. ರೇವಾ ಎಂಬ ವಿದ್ಯುತ್ ಕಾರು ಇಲ್ಲೇ ಹುಟ್ಟಿ 2001ರಲ್ಲಿ ರಸ್ತೆಗಿಳಿದು, ಆಮೇಲೆ ಲಂಡನ್ನಿನ ಬೀದಿಗಳಲ್ಲೂ ಓಡಿತು. ಅಂದರೆ ಈ ಊರು ತಡವಾಗಿ ಹೊರಟದ್ದೂ ಅಲ್ಲ.

ಎಲೆಕ್ಟ್ರಿಷಿಯನ್ನಿನ ವಿಷಯ. ಓಸ್ಲೋದಲ್ಲಿ ಫೋನ್ ಮಾಡಿದರೆ ವಾರಗಳ ಮೇಲೆ ದಿನಾಂಕ ಕೊಡುತ್ತಾರೆ, ಬಿಲ್ಲಿನ ಮೊತ್ತವನ್ನು ನಾನು ಅಮ್ಮನಿಗೆ ಈವರೆಗೂ ಹೇಳಿಲ್ಲ. ವಿಜಯನಗರದವರು ಅಂದೇ ಸಂಜೆ, ಕಿವಿಯ ಮೇಲೆ ಟೆಸ್ಟರ್ ಸಿಕ್ಕಿಸಿಕೊಂಡು ಬಂದರು. ಮಿಕ್ಸಿ ಪಾಯಿಂಟ್ ಬಿಚ್ಚಿ, ವೈರಿನ ಕರಗಿದ ಹೊದಿಕೆಯನ್ನು ಹುಡುಗನ ಅಂಗೈಯಲ್ಲಿಟ್ಟು, "ನೋಡಿಕೊಳ್ಳಪ್ಪ" ಎಂದರು. ಟೈಲ್ಸ್ ಮೇಲೆ ತಟ್ಟುತ್ತಾ ಹೋಗಿ, ಟೊಳ್ಳು ಸದ್ದು ಬಂದ ಕಡೆ ಒಂದನ್ನು ಎಬ್ಬಿಸಿದರು, ಅಪ್ಪನ ಗುಂಡಿ ಅಲ್ಲೇ ಇತ್ತು. ಮೀಟರ್ ಬೋರ್ಡಿನಿಂದ ಹೊಸ ಲೈನು, ಕೆಳಗೆ ಗೋಡೆಗೆ 16 ಆಂಪಿಯರಿನ ಸಾಕೆಟ್ಟು, ಮಳೆಗೆ ಮುಚ್ಚಳ, 30 ಮಿಲಿಆಂಪಿಯರ್ ಸೋರಿದರೆ ಬೀಳುವ ಸ್ವಿಚ್ಚು, ಅಂದರೆ ಆರ್‌ಸಿಸಿಬಿ. "ಎಲ್ಲರೂ ಪಾಯಿಂಟ್ ಕೇಳುತ್ತಾರೆ ಸಾರ್, ಅರ್ಥಿಂಗ್ ನೋಡೋಣವೇ ಎಂದರೆ ಆಮೇಲೆ ನೋಡೋಣ ಎನ್ನುತ್ತಾರೆ" ಎಂದರು. ಸಹಿ ಹಾಕಿದ ಕಾಗದ ಕೇಳಿದೆ. ಅಂಥದ್ದನ್ನು ಕೇಳಿದವರು ನಾನೇ ಮೊದಲಿಗನಿರಬೇಕು, ನಕ್ಕರು.

ಹುಡುಗನಿಗೆ ಒಂದೇ ಚಿಂತೆ. ದಿನಕ್ಕೆ 3 ಯೂನಿಟ್ ಹಿಡಿದರೂ ತಿಂಗಳಿಗೆ 90 ಆಗುತ್ತದೆ, ಫ್ರಿಜ್ಜು ಟೀವಿ ಸೇರಿ 200 ದಾಟಿದರೆ ಗೃಹಜ್ಯೋತಿ ತಪ್ಪಿಹೋಗುತ್ತದೆ. ಹೊಸ ಲೈನನ್ನು ಅವನ ಮೀಟರಿಗೇ ಕೊಡಿಸಿದ್ದೆ. ಓಸ್ಲೋಗೆ ಬಂದ ಮೇಲೆ ಫೋನಿನಲ್ಲಿ ತಿಳಿಯಿತು, ಅಮ್ಮ ಅದನ್ನು ತಮ್ಮ ಮೀಟರಿಗೆ ಬದಲಾಯಿಸಿಕೊಂಡಿದ್ದಾರೆ. ಎದುರು ಮನೆಯವರ ಸ್ಕೂಟರೂ ಈಗ ರಾತ್ರಿ ನಮ್ಮ ಗೇಟಿನೊಳಗೇ ನಿಲ್ಲುತ್ತದೆಯಂತೆ. ಕರೆಂಟಿನ ದುಡ್ಡು ಯಾರು ಕೊಡುತ್ತಾರಮ್ಮ ಎಂದು ಕೇಳಿದರೆ ಅಲ್ಲಿ ಹಿಮ ಬೀಳುತ್ತಿದೆಯಾ ಎಂದು ಮಾತು ತಿರುಗಿಸುತ್ತಾರೆ.